ಮೋಟಾರ್ ಮೆಕ್ಯಾನಿಕ್ ಕಾವಿಗೆ ಕೂತದ್ದು

ಸುಟ್ಟ ಮೋಟಾರನ್ನು ಮೂಸಿಯೇ ಅದರ ಜಾತಕ ಹೇಳಬಲ್ಲವನು ನಾನು! ಚಳ್ಳಕೆರೆಯ ಬಳ್ಳಾರಿ ರಸ್ತೆಯಲ್ಲಿ ಇಫ್ತಿಕಾರ್ ಮೋಟಾರ್ ರಿವೈಂಡಿಂಗ್ ಎಲ್ಲಿ ಎಂದು ಯಾರನ್ನು ಕೇಳಿದರೂ ಕೈ ಮಾಡಿ ತೋರಿಸುತ್ತಾರೆ. ಬೋರ್‌ವೆಲ್ಲಿನ ಪಾತಾಳದಲ್ಲಿ ಪ್ರಾಣ ಬಿಟ್ಟ ಪಂಪುಗಳನ್ನೆಲ್ಲ ಎಬ್ಬಿಸಿ ಓಡಿಸಿದ ಈ ಕೈಗೆ ಆಗದ ಕೆಲಸ ಯಾವುದು? ಆದ್ದರಿಂದಲೇ ಒಂದು ದಿನ ಹಿತ್ತಿಲಲ್ಲಿ ನಿಂತು ಘೋಷಿಸಿಬಿಟ್ಟೆ: "ಇನ್ನು ಈ ಮನೆಯಾಗೆ ಮರಿ ಮಾಡ್ಸೋಕೆ ಕೋಳಿ ಬೇಕಿಲ್ಲ. ನಾನು ಮಾಡಿಸ್ತೀನಿ!"

ಘೋಷಣೆಗೆ ಕಾರಣ ಒಂದು ಅವಮಾನ. ನಮ್ಮ ಮನೆಯಲ್ಲಿ ಒಂದು ಕೋಳಿ ಇದೆ. ಇದೆ ಅಂದೆನೇ ಹೊರತು ನಮ್ಮದು ಅನ್ನಲಿಲ್ಲ, ಗಮನಿಸಿ. ಮೊಳಕಾಲ್ಮೂರಿನ ನನ್ನ ಅತ್ತೆ ಖಾತೂನ್ ಬೀ ಅದನ್ನು ತಮ್ಮ ಮಗಳಿಗೆ, ಅಂದರೆ ನನ್ನ ಹೆಂಡತಿ ರುಕ್ಸಾನಾಳಿಗೆ, ಪಾಲಿಗೆ ಬಿಟ್ಟಿದ್ದರು. ಕೋಳಿ ಒಬ್ಬರದು, ಸಾಕುವವರು ಇನ್ನೊಬ್ಬರು, ಹುಟ್ಟಿದ ಮರಿಗಳಲ್ಲಿ ಇಬ್ಬರಿಗೂ ಅರ್ಧರ್ಧ; ಪಾಲಿಗೆ ಬಿಡುವುದೆಂದರೆ ಇಷ್ಟೇ. ಸ್ವಂತ ಮಗಳಾದರೂ ನಮ್ಮ ಅತ್ತೆಯ ಹತ್ತಿರ ರಿಯಾಯಿತಿ ಇಲ್ಲ.

ಈ ಕೋಳಿ ಕಾವಿಗೆ ಕೂರಲು ಇಡೀ ಹಿತ್ತಿಲನ್ನು ಬಿಟ್ಟು ನನ್ನ ತಾಮ್ರದ ತಂತಿಯ ಪೆಟ್ಟಿಗೆಯನ್ನೇ ಆರಿಸಿಕೊಂಡಿತು. ತಂತಿ ತೆಗೆಯಲು ಕೈ ಹಾಕಿದೆ. ಕುಕ್ಕಿತು! ತ್ರೀ ಫೇಸ್ ಕರೆಂಟಿಗೂ ಹೆದರದ ಈ ಕೈ ಮೊಣಕೈವರೆಗೆ ಜುಮ್ಮೆಂದಿತು.

"ಮೂರು ವಾರ ಅದು ಹಿಂಗೇ ಕೂತಿರ್ತೈತೆ, ಬಿಡ್ರಿ," ಎಂದಳು ರುಕ್ಸಾನಾ.

"ಮೂರು ವಾರ! ಬರೀ ಕೂತ್ಕೊಂಡು? ತತ್ತಿಗೆ ಬೇಕಾಗಿರೋದು ಬಿಸಿ ಕಣೇ. ಬಿಸಿ ಕೊಡೋಕೆ ಕೋಳಿನೇ ಯಾಕೆ? ಒಂದು ಬಲ್ಬು ಸಾಕು!"

"ಅದು ಅಮ್ಮಿ ಕೋಳಿ ರೀ. ಮರಿ ಕೆಟ್ರೆ ನಾನು ಅಮ್ಮಿಗೆ ಏನಂತ ಮುಖ ತೋರಿಸ್ಲಿ?"

"ನಿಮ್ಮಮ್ಮಿನೇ ಬಂದು ನನ್ನ ಹತ್ರ ಕಲ್ತು ಹೋಗ್ಬೇಕು, ನೋಡ್ತಿರು!"

ಮನೆಯಲ್ಲಿ ನಮ್ಮದು ಉರ್ದು. ಜಗಳ ಮಾತ್ರ ಕನ್ನಡದಲ್ಲಿ. ತಪ್ಪು ಯಾರದೆಂದು ಪಕ್ಕದ ಮನೆಯವರಿಗೂ ತಿಳಿಯಬೇಕು ಎಂಬುದು ರುಕ್ಸಾನಾಳ ನ್ಯಾಯ.

ಅವಳ ಚಿಂತೆಗೆ ಇನ್ನೊಂದು ಕಾರಣವಿತ್ತು. ಹಿತ್ತಿಲ ಗೋಡೆಯ ಪಕ್ಕ ಅವಳದೊಂದು ತೋಟ: ಕೊತ್ತಂಬರಿ, ಮೆಂತ್ಯ, ಪುದೀನ, ಕೊನೆಗೆ ಮೆಣಸಿನ ಸಸಿ. ಅಕ್ಕಿ ತೊಳೆದ ನೀರು, ಪಾತ್ರೆ ಜಾಲಿಸಿದ ನೀರು, ಕಡೆಗೆ ನಮಾಜಿಗೆ ಮುಂಚೆ ನಾನು ಕೈಕಾಲು ತೊಳೆದು ವಜೂ ಮಾಡಿದ ನೀರನ್ನೂ ಬಿಡದೆ ಅಲ್ಲಿಗೆ ಹರಿಸಿ ಅವಳು ಆ ಹಸಿರನ್ನು ಎಬ್ಬಿಸಿದ್ದಳು. "ಚಳ್ಳಕೆರೆ ಮಣ್ಣಾಗೆ ಕಳೆನೂ ನೆಟ್ಟಗೆ ಬರಲ್ಲ" ಎಂದು ನಮ್ಮ ಮದುವೆಯಲ್ಲೇ ಅತ್ತೆ ಹೇಳಿದ್ದ ಮಾತು ಅವಳ ಹೊಟ್ಟೆಯೊಳಗೆ ಹಾಗೇ ಕೂತಿತ್ತು. ಮರಿ ನೋಡಲು ಅಮ್ಮಿ ಬರುತ್ತಾರೆ, ಆಗ ಒಂದೇ ಒಂದು ಸಲ ಈ ತೋಟವನ್ನೂ ನೋಡಲಿ. ಅವಳಿಗೆ ಬೇಕಿದ್ದದ್ದು ಅಷ್ಟೇ.

ನಾನು ಕೆಲಸಕ್ಕಿಳಿದೆ. ಥರ್ಮೋಕೋಲ್ ಡಬ್ಬಿ, ಒಂದು ಬಲ್ಬು, ಕೆಟ್ಟ ಗೀಸರಿನಿಂದ ಕಿತ್ತ ಥರ್ಮೋಸ್ಟಾಟು, ತೇವಕ್ಕೆ ಒಂದು ಬಟ್ಟಲು ನೀರು. ಗೋಣಿಚೀಲ ಕೈಗೆ ಸುತ್ತಿಕೊಂಡು ಕೋಳಿಯಡಿಯ ತತ್ತಿಗಳನ್ನು ಎಗರಿಸಿ ಡಬ್ಬಿಗೆ ಸಾಗಿಸಿದೆ. ಪಾಪ, ಅದು ಖಾಲಿ ಪೆಟ್ಟಿಗೆಯಲ್ಲೇ ಕೂತು ತಾಮ್ರದ ತಂತಿಗೆ ಕಾವು ಕೊಡುತ್ತಾ ಇತ್ತು. ಏನು ಹುಟ್ಟೀತೆಂದು ಕಾಯುತ್ತಿತ್ತೋ!

ಕರೆಂಟು ಹೋದರೆ ಯುಪಿಎಸ್ ಡಬ್ಬಿಗೆ, ಬೀಸಣಿಗೆ ನಮಗೆ. ಒಂದು ಮಧ್ಯಾಹ್ನ ಯುಪಿಎಸ್ಸೂ ಕೈಕೊಟ್ಟಿತು. ಡಬ್ಬಿಯನ್ನು ತೊಡೆಯ ಮೇಲಿಟ್ಟು, ಅದಕ್ಕೂ ನನಗೂ ಸೇರಿಸಿ ಕಂಬಳಿ ಹೊದ್ದು ಕೂತೆ. ಏಪ್ರಿಲ್ ತಿಂಗಳ ಚಳ್ಳಕೆರೆಯಲ್ಲಿ, ಕಂಬಳಿ! ರುಕ್ಸಾನಾ ಬಾಗಿಲಲ್ಲಿ ನಿಂತು ನೋಡಿ ಒಳಗೆ ಹೋದಳು. ಇಷ್ಟರ ನಡುವೆ ಗಿರಾಕಿಗಳ ಫೋನು. ಹೊಲದಲ್ಲಿ ನಿಂತು ಮಾತಾಡುವವರಿಗೆ ಕೂಗಿಯೇ ಹೇಳಬೇಕು. "ಹಲೋ! ಹಲೋ! ಕೇಳಿಸ್ತೈತಾ?" ಎಂದು ಮೂರು ವಾರ ತತ್ತಿಗಳ ಪಕ್ಕದಲ್ಲೇ ಕಿರುಚಿದೆ. ತತ್ತಿಯೊಳಗಿರುವವರಿಗೂ ಕಿವಿ ಇರುತ್ತದೆ ಎಂದು ನನಗೆ ಯಾರು ಹೇಳಿದ್ದರು?

ಮರಿ ಹೊರಬಂದವು. ಎಂಟು! ಒದ್ದೆ ಮುದ್ದೆಯಾಗಿ, ಕಣ್ಣು ಪಿಳಿಪಿಳಿ ಬಿಡುತ್ತಾ. ಕಣ್ಣು ಬಿಟ್ಟಾಗ ಎದುರಿಗೆ ಕಂಡದ್ದು ನನ್ನ ಗಡ್ಡ. "ಹಲೋ," ಎಂದೆ ಮೆಲ್ಲಗೆ. ಎಂಟೂ ನನ್ನ ಕಡೆ ಉರುಳಿಕೊಂಡು ಬಂದವು!

"ಆಯ್ತು, ಗೆದ್ರಿ," ಎಂದಳು ರುಕ್ಸಾನಾ. ಒಂದು ಮರಿಯನ್ನು ಕೆನ್ನೆಗೆ ಒತ್ತಿಕೊಂಡು, "ಈಗ ಇವಕ್ಕೆ ತಿನ್ನೋದು ಯಾರು ಕಲಿಸ್ತಾರೆ?"

"ನಾನೇ!"

ನೆಲದ ಮೇಲೆ ನವಣೆ ಚೆಲ್ಲಿ, ತೋರುಬೆರಳಿನಿಂದ ಟಕ್ ಟಕ್ ಎಂದು ಕುಟ್ಟಿ ತೋರಿಸಿದೆ. ಎಂಥ ಚುರುಕು! ಬೆರಳು ಎಲ್ಲಿ ಬಿದ್ದರೆ ಅಲ್ಲಿಗೆ ಎಂಟು ಕೊಕ್ಕು. ಸಂಜೆಯೊಳಗೆ ಪಾಠ ಮುಗಿಯಿತು.

ಮರುದಿನ ಅಂಗಡಿಗೆ ಹೊರಟೆ. ಹಿಂದಿನಿಂದ ಚಿಂವ್ ಚಿಂವ್ ಮೆರವಣಿಗೆ. ಬಾಗಿಲು ಹಾಕಿಕೊಂಡರೆ ಬೀದಿಯೇ ಬೆಚ್ಚಿಬೀಳುವ ಚೀರಾಟ. ಕೋಳಿಯ ಮುಂದೆ ಬಿಟ್ಟು ನೋಡಿದೆ. ಮರಿಗಳು ಅದರ ರೆಕ್ಕೆ, ಪುಕ್ಕ, ಕೊಕ್ಕು ನೋಡಿ ಕಿಟಾರನೆ ಕಿರುಚಿ ನನ್ನ ಪೈಜಾಮದೊಳಗೆ ನುಗ್ಗಿದವು. ಇದ್ಯಾವ ಪ್ರಾಣಿಯಪ್ಪಾ ಎಂಬಂತೆ! ಕೋಳಿ ನನ್ನನ್ನು ನೋಡಿದ ನೋಟ ಇನ್ನೂ ಮರೆತಿಲ್ಲ.

ಬೇರೆ ದಾರಿಯಿಲ್ಲದೆ ರಟ್ಟಿನ ಪೆಟ್ಟಿಗೆಯಲ್ಲಿ ಎಂಟನ್ನೂ ದಿನಾ ಅಂಗಡಿಗೆ ಕರೆದೊಯ್ದೆ. ಹೀಗೇ ತಿಂಗಳು ಕಳೆಯಿತು. ಒಂದು ದಿನ ಎಣ್ಣೆ ವ್ಯಾಪಾರದ ಮುರುಗೇಂದ್ರಪ್ಪನವರು ತೋಟದ ಮೋಟಾರು ತಂದಿಳಿಸಿದರು. "ನೋಡ್ರಿ ಸಾಹುಕಾರ್ರೆ, ಹೋಗಿರೋದು ಇಲ್ಲಿ," ಎಂದು ಬೇರಿಂಗಿನ ಮೇಲೆ ಬೆರಳಿಟ್ಟೆ. ಎಂಟೂ ಹಾರಿ ಬಂದು ಬೇರಿಂಗನ್ನು ಕುಕ್ಕತೊಡಗಿದವು.

ತೊಗರಿಬೇಳೆಯಾಚೆ ಏನನ್ನೂ ಮುಟ್ಟದ ಶರಣರು ಅವರು. ಎರಡು ಹೆಜ್ಜೆ ಹಿಂದೆ ಸರಿದರು. "ಏನಪ್ಪಾ ಇಫ್ತಿಕಾರ್, ಇವೆಲ್ಲ..."

"ಕೆಲಸ ಕಲೀತಿದಾವೆ ಸಾಹುಕಾರ್ರೆ!" ಎಂದು ಹೆಮ್ಮೆಯಿಂದ ನಕ್ಕೆ. ಅಲ್ಲೇ ನನಗೆ ಬುದ್ಧಿ ಬರಬೇಕಿತ್ತು, ಬರಲಿಲ್ಲ.

ಕೊನೆಗೂ ಅತ್ತೆ ಬಂದರು. ಡಬ್ಬಿಯ ವಿಷಯ ಅವರಿಗೆ ಗೊತ್ತಿರಲಿಲ್ಲ. ಎಂಟು ಮರಿ ಬದುಕಿದ್ದು ಕೇಳಿ ಫೋನಿನಲ್ಲಿ "ಶಹಬಾಸ್, ನನ್ನ ಕೋಳಿ ಅಂದ್ರೆ ಸುಮ್ನೇನಾ!" ಎಂದಿದ್ದರು. ಕೀರ್ತಿ ಕೋಳಿಯ ಪಾಲಾದ ಸಂಕಟದಲ್ಲಿ ನಾನು ಅವರ ದಾರಿಯನ್ನೇ ಕಾಯುತ್ತಿದ್ದೆ. ಬಾಗಿಲು ತೆಗೆದೆ. ನನ್ನ ಹಿಂದೆ ಸಾಲಾಗಿ ಎಂಟು.

"ಏಂದಿದಿ ನಾಯನಾ?" ಗಾಬರಿಯಾದರೆ ನಮ್ಮ ಅತ್ತೆಗೆ ತೆಲುಗೇ ಮೊದಲು ಬರುತ್ತದೆ. "ಕೋಳಿ ಎಲ್ಲಿ? ಮರಿ ಯಾಕೆ ನಿನ್ನ ಹಿಂದೆ ಅದಾವೆ?"

"ಕೋಳಿ ಏನೂ ಮಾಡಿಲ್ಲ ಅಮ್ಮಿ. ಎಲ್ಲಾ ನಾನೇ!" ಎಂದು ಡಬ್ಬಿಯ ಕಥೆಯನ್ನು ಬಲ್ಬಿನಿಂದ ಬಟ್ಟಲವರೆಗೆ ಹೇಳಿದೆ. ಅತ್ತೆ ಬಾಯಿ ತೆರೆದವರು ಮುಚ್ಚಲಿಲ್ಲ. ಮೆಚ್ಚುಗೆ ಎಂದುಕೊಂಡೆ.

"ನಾನು ಚಾ ತರ್ತೀನಿ. ಆಮೇಲೆ ಅಮ್ಮಿಗೆ ತೋಟ ನಾನೇ ತೋರಿಸ್ತೀನಿ," ಎಂದು ರುಕ್ಸಾನಾ ಒಳಗೆ ಹೋದಳು. ಹೋಗುವಾಗ ಮುಖದಲ್ಲಿ ಎಂಥ ಬೆಳಕು!

ನಾನಾದರೂ ಸುಮ್ಮನಿರಬಾರದಿತ್ತೇ? ಗೆದ್ದ ಅಮಲು ಇಳಿದಿರಲಿಲ್ಲ. "ಬನ್ನಿ ಅಮ್ಮಿ, ಅಷ್ಟರಾಗೆ ನಾನೇ ಒಂದು ರೌಂಡು ತೋರಿಸ್ತೀನಿ," ಎಂದು ಹಿತ್ತಿಲಿಗೆ ಕರೆದೊಯ್ದು, ಮರಿ ನುಗ್ಗದಂತೆ ತೋಟಕ್ಕೆ ಕಟ್ಟಿದ್ದ ಬಲೆ ಸರಿಸಿದೆ.

"ಮರಿ ಒಳಗೆ ಬರ್ತಾವೆ ಬೇಟಾ!"

"ಬರ್ಲಿ. ನನ್ನ ಅಪ್ಪಣೆ ಇಲ್ದೆ ಒಂದು ಎಲೆ ಮುಟ್ಟಲ್ಲ ಅವು!"

ಆ ಮಾತು ಅಕ್ಷರಶಃ ನಿಜವಾಗಿತ್ತು. ಅದೇ ದುರಂತ.

"ಇದು ಕೊತ್ತಂಬರಿ," ಎಂದು ಬಗ್ಗಿ ಬೆರಳು ತೋರಿಸಿದೆ. ಮುಂದೆ ಸಾಗಿದೆ. "ಇದು ಮೆಂತ್ಯ. ಎಷ್ಟು ಎಳೇದು ನೋಡಿ."

"ಬೇಟಾ..."

"ಇದು ಪುದೀನ. ಬರೀ ಅಕ್ಕಿ ತೊಳೆದ ನೀರಾಗೆ ಬಂದೈತೆ!"

"ಬೇಟಾ, ಹಿಂದಕ್ಕೆ..."

"ಪ್ರಶ್ನೆ ಎಲ್ಲಾ ಕೊನೆಗೆ ಕೇಳಿ ಅಮ್ಮಿ. ಇವು ಮೆಣಸಿನ ಸಸಿ: ಒಂದು, ಎರಡು, ಮೂರು..." ಒಂದೊಂದನ್ನೂ ಮುಟ್ಟಿ ಮುಟ್ಟಿ ಎಣಿಸಿದೆ. ಆಮೇಲೆ ಎದೆ ಉಬ್ಬಿಸಿ ತಿರುಗಿ, "ಈಗ ಇಡೀ ತೋಟ ಒಟ್ಟಿಗೆ ನೋಡಿ!" ಎಂದೆ.

ನೋಡಿದೆವು. ತೋಟ ಇರಲಿಲ್ಲ!

ಕೊತ್ತಂಬರಿ ಇದ್ದಲ್ಲಿ ಬರೀ ಮಣ್ಣು. ಮೆಂತ್ಯದ ಮಡಿ ಕೆದರಿ ಗುಂಡಿ. ಪುದೀನ ಎಲೆ ಕಳೆದುಕೊಂಡು ಕಡ್ಡಿಯಾಗಿ ನಿಂತಿತ್ತು. ಎಂಟು ಕೊಕ್ಕುಗಳು ಶಿಸ್ತಿನಿಂದ, ನಾನು ಎಣಿಸಿದ ಕ್ರಮದಲ್ಲೇ ಮೆಣಸಿನ ಸಸಿಗಳನ್ನು ಮುಗಿಸುತ್ತಿದ್ದವು. ಬೆರಳು! ಕುಟ್ಟಿ ಕುಟ್ಟಿ ನಾನೇ ಕಲಿಸಿದ್ದೆನಲ್ಲ! ಇಫ್ತಿಕಾರ್ ಬೆರಳಿಟ್ಟದ್ದೆಲ್ಲ ಊಟ!

"ಏಯ್! ಬಿಡ್ರೋ! ಆಚೆ ಹೋಗ್ರೋ!" ಎಂದು ಬೆರಳು ಮಾಡಿ ಗದರಿಸಿದೆ. ಬೆರಳು ಯಾವ ಸಸಿಯ ಕಡೆ ತಿರುಗಿತೋ ಆ ಸಸಿಯ ಕಥೆ ಮುಗಿಯಿತು. ಬಿದ್ದ ಸಸಿಯನ್ನು ಎತ್ತಿ ನಿಲ್ಲಿಸಲು ಬಗ್ಗಿದೆ. ಅದನ್ನು ನನ್ನ ಕೈಯಿಂದಲೇ ಕಿತ್ತು ತಿಂದವು. ಅದೇ ಹೊತ್ತಿಗೆ ಫೋನು. ಮುರುಗೇಂದ್ರಪ್ಪನವರು. ಅಭ್ಯಾಸ ಬಲ, "ಹಲೋ!" ಎಂದುಬಿಟ್ಟೆ. ಎಂಟೂ ಆನಂದದಿಂದ ರೆಕ್ಕೆ ಬಡಿಯುತ್ತಾ, ಉಳಿದಿದ್ದ ಸಸಿಗಳನ್ನು ತುಳಿದುಕೊಂಡು ನನ್ನ ಮೈಮೇಲೆ ಹತ್ತಿದವು.

"ಕೈ ಕಟ್ಟು!" ಎಂದು ಅತ್ತೆ ಗುಡುಗಿದರು.

ಶಾಲೆಯ ಹುಡುಗನ ಹಾಗೆ ಕೈ ಹಿಂದಕ್ಕೆ ಕಟ್ಟಿ ನಿಂತೆ. ಮರಿಗಳೂ ನಿಂತವು. ಅಷ್ಟರಲ್ಲಿ ರುಕ್ಸಾನಾ ಚಾ ತಟ್ಟೆ ಹಿಡಿದು ಬಂದಳು.

ಅವಳು ಕನ್ನಡದಲ್ಲಿ ಏನೂ ಅನ್ನಲಿಲ್ಲ. ಉರ್ದುವಿನಲ್ಲೂ ಅನ್ನಲಿಲ್ಲ. ಚಾ ತಟ್ಟೆಯನ್ನು ಬರಿದಾದ ಮಡಿಯ ಪಕ್ಕ ಇಟ್ಟಳು. "ಅಮ್ಮಿಗೆ ತೋರಿಸ್ಬೇಕು ಅಂತ ಇಟ್ಟಿದ್ದೆ," ಎಂದಳು ಕೊನೆಗೆ, ಬಹಳ ಸಣ್ಣ ದನಿಯಲ್ಲಿ. ಅವಳು ಬೈದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು! ನೆಲ ಬಿರಿದು ನನ್ನನ್ನು ಯಾವುದಾದರೂ ಬೋರ್‌ವೆಲ್ಲಿಗೆ ಎಳೆದುಕೊಳ್ಳಬಾರದೇ ಅನ್ನಿಸಿತು.

ಅತ್ತೆ ಮಡಿಯ ಪಕ್ಕ ಕೂತು ಮಣ್ಣನ್ನು ಕೈಯಲ್ಲಿ ಹಿಡಿದು ನೋಡಿದರು. ಪುದೀನ ಕಡ್ಡಿಯನ್ನು ಅಲ್ಲಾಡಿಸಿದರು. "ಬೇರು ಗಟ್ಟಿ ಐತೆ ಬೇಟಿ. ಮಣ್ಣು ಬೆಣ್ಣೆ ಆಗೈತೆ. ನನ್ನ ಮಾತು ಸುಳ್ಳಾಯ್ತು, ಚಳ್ಳಕೆರೆಯಾಗೂ ತೋಟ ಆಗ್ತೈತೆ." ರುಕ್ಸಾನಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅತ್ತೆ ನನ್ನ ಕಡೆ ತಿರುಗಿದರು. "ಆದ್ರೆ ಇವನು ಇಲ್ಲಿರೋ ತನಕ ಆಗಲ್ಲ."

"ನನ್ನದೇನು ತಪ್ಪು ಅಮ್ಮಿ? ಮರಿಗಳು..."

"ಪಾಲಿನ ಮರಿ ಇವು. ನನ್ನ ಪಾಲು ನಾನು ಇವತ್ತೇ ಒಯ್ತೀನಿ. ಆದ್ರೆ ಗಟ್ಟಿಯಾಗೋ ತನಕ ಮರಿನ ತಾಯಿಯಿಂದ ಅಗಲಿಸಬಾರ್ದು. ಅದಕ್ಕೆ ಎಂಟೂ ಒಟ್ಟಿಗೇ ಬರ್ಲಿ, ತಾಯಿನೂ ನನ್ನ ಜೊತೆ ಬರ್ತೈತೆ."

ಅಬ್ಬ, ಇಷ್ಟೇ ತಾನೇ! "ಆಗ್ಲಿ ಅಮ್ಮಿ, ಈಗ್ಲೇ ಹಿಡ್ಕೊಡ್ತೀನಿ!" ಎಂದು ಗೋಣಿಚೀಲ ಹಿಡಿದು ಕೋಳಿಯ ಕಡೆ ಓಡಿದೆ.

"ಆ ಕೋಳಿ ಅಲ್ಲ," ಎಂದರು ಅತ್ತೆ. "ಅದು ಇಲ್ಲೇ ಇರ್ಲಿ. ಯಾರು ಕಾವಿಗೆ ಕೂತ್ರೋ ಅವರೇ ತಾಯಿ. ನಿನ್ನ ಬಟ್ಟೆ ಕಟ್ಟು."

ನಾನು ಹೌಹಾರಿ ರುಕ್ಸಾನಾಳನ್ನು ನೋಡಿದೆ. ಸೀಸನ್ನು! ಅಂಗಡಿಯ ಮುಂದೆ ಸುಟ್ಟ ಮೋಟಾರುಗಳ ಸಾಲು! ಅವಳು ಒಂದು ಮಾತು ಹೇಳಲಿ ಎಂದು ಕಾದೆ. ಹೇಳಿದಳು. "ಅಮ್ಮಿ, ಪೈಜಾಮ ಎಷ್ಟು ಇಡ್ಲಿ?"

ಮೊಳಕಾಲ್ಮೂರಿನ ಬಸ್ಸಿನಲ್ಲಿ ರಟ್ಟಿನ ಪೆಟ್ಟಿಗೆಯ ತೂತಿಗೆ ಬೆರಳಿಟ್ಟುಕೊಂಡೇ ಕೂತೆ, ತೆಗೆದರೆ ಚೀರಾಟ. ಇಡೀ ಬಸ್ಸು ನನ್ನನ್ನೇ ನೋಡಿತು. ಅತ್ತ ಚಳ್ಳಕೆರೆಯಲ್ಲಿ ಅಂಗಡಿ ಮುಚ್ಚಿದ್ದು ಯಾಕೆ ಎಂದು ಕೇಳಿದವರಿಗೆಲ್ಲ ಮುರುಗೇಂದ್ರಪ್ಪನವರು, "ಇಫ್ತಿಕಾರು ಬಾಣಂತನಕ್ಕೆ ಹೋಗ್ಯಾನಪ್ಪ," ಎಂದು ಹೇಳುತ್ತಿದ್ದಾರಂತೆ. ಶರಣರು ಸುಳ್ಳು ಹೇಳುವುದಿಲ್ಲ ಎಂದು ಊರೇ ನಂಬಿದೆ.

ಇದನ್ನು ಅತ್ತೆಯ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು, ಬಲಗೈ ಬೆರಳಿನಿಂದ ನೆಲ ಕುಟ್ಟುತ್ತಾ, ಎಡಗೈಯಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಕ್ಷಮಿಸಿ. ರುಕ್ಸಾನಾ ದಿನಾ ಫೋನು ಮಾಡುತ್ತಾಳೆ. ಪುದೀನ ಚಿಗುರಿದೆಯಂತೆ, ಕೊತ್ತಂಬರಿ ಮತ್ತೆ ಮೊಳೆತಿದೆಯಂತೆ, ನಾನು ಅವಸರ ಮಾಡಬಾರದಂತೆ.

ಇವತ್ತು ಬೆಳಿಗ್ಗೆ ಪಕ್ಕದ ಮನೆಯ ಮೂಗಮ್ಮ ಬಂದರು. ಬಹಳ ಹೊತ್ತು ನಿಂತು ನನ್ನನ್ನೂ ಮರಿಗಳನ್ನೂ ನೋಡಿದರು. ಆಮೇಲೆ ಅತ್ತೆಯ ಹತ್ತಿರ ಹೋಗಿ, "ಎಂಟಕ್ಕೆ ಎಂಟೂ ಉಳಿಸ್ಯಾನಂತಲ್ಲ ನಿಮ್ಮ ಅಳಿಯ! ನಮ್ಮ ಕೋಳಿ ಕಾವಿಗೇ ಕೂರ್ತಿಲ್ಲ ಬೀಬಮ್ಮ. ಇವನನ್ನ ಒಂದು ತಿಂಗಳು ನಮಗೆ ಪಾಲಿಗೆ ಬಿಡ್ತೀಯಾ?" ಎಂದರು.

ನನ್ನ ಬೆರಳು ನೆಲದ ಮೇಲೇ ನಿಂತುಹೋಯಿತು. ಎಷ್ಟಾದರೂ ಮನೆಯ ಅಳಿಯ, ಅತ್ತೆ ನನ್ನ ಮರ್ಯಾದೆ ಕಾಯುತ್ತಾರೆ ಎಂದು ಅವರ ಮುಖ ನೋಡಿದೆ. ಅತ್ತೆ, ಸಂತೆಯಲ್ಲಿ ಕೋಳಿ ನೋಡುವ ಹಾಗೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಬಿಡ್ತೀನಿ ಮೂಗಮ್ಮ. ಬಿಸಿಲಿಗೆ ಬಿಡಬ್ಯಾಡ, ನೀರು ಮುಂದಿಡು. ಹುಟ್ಟಿದ್ರಾಗೆ ಅರ್ಧ ಮರಿ ನಮಗೆ."