ನನ್ನ ಅನ್ನನಾಳದಲ್ಲಿ ಠಿಕಾಣಿ ಹೂಡಿದ ವೈರಾಣು ಮಹಾಶಯರಿಗೆ

ಮಾನ್ಯ ವೈರಾಣು ಮಹಾಶಯರೇ,

ಬಾಲ್ಕನ್ ಬೆಟ್ಟದಡಿಯ ಶಾಲೆಯಲ್ಲಿ ಏಳನೇ ತರಗತಿಯವರೆಗೆ ಓದಿ, ಸುತ್ತಲ ಹತ್ತೂರಿಗೆ ಬುದ್ಧಿ ಹೇಳಬಲ್ಲ ಗೆಂಚೊ ಎಂಬ ನಾನು ತಮ್ಮ ಪಾದಗಳಿಗೆ, ಅವು ಇದ್ದಲ್ಲಿ, ನಮಸ್ಕರಿಸಿ ಬಿನ್ನವಿಸುವುದೇನೆಂದರೆ:

ಬಾಲ್ಯದಲ್ಲಿ ನನ್ನ ತುಟಿಯ ಮೇಲೊಂದು ಗುಳ್ಳೆಯಾಗಿ ಬಂದ ತಾವು ಐವತ್ತು ವರ್ಷ ನರದೊಳಗೆ ಸದ್ದಿಲ್ಲದೆ ಮಲಗಿದ್ದಿರಿ. ಅಂಥ ತಾಳ್ಮೆ ನನ್ನ ಹೆಂಡತಿಗೂ ಇಲ್ಲ. ಹೋದ ವರ್ಷ ನನ್ನ ಕಿಡ್ನಿಗಳು ಕೈಕೊಟ್ಟಾಗ ನನ್ನಕ್ಕ ವೆಲಿಚ್ಕಾ ತನ್ನದೊಂದು ಕಿಡ್ನಿ ಕೊಟ್ಟಳು. ಅದನ್ನು ನನ್ನ ಮೈ ಹೊರಗಿನದೆಂದು ಓಡಿಸದಿರಲಿ ಎಂದು ಡಾಕ್ಟರು ಮಾತ್ರೆ ಕೊಟ್ಟು ಮೈಯ ಕಾವಲುಗಾರರನ್ನು ತೂಕಡಿಸುವಂತೆ ಮಾಡಿದರು. ಆ ಸಂದಿಯಲ್ಲಿ ತಾವು ಕೆಳಗಿಳಿದು ಅನ್ನನಾಳದುದ್ದಕ್ಕೂ ಹುಣ್ಣಿನ ತೋಟ ಹಾಕಿದ್ದೀರಿ. ಉಗುಳು ನುಂಗಿದರೂ ಮುಳ್ಳುಹಂದಿ ನುಂಗಿದ ಹಾಗೆ. ತಮ್ಮ ಕಸುಬುಗಾರಿಕೆಗೆ ನಮೋ ನಮಃ!

ನಾನು ಸುಮ್ಮನಿರುವ ಕುಳವೇ? ನಮ್ಮೂರಲ್ಲಿ ಕಾಲು ಮುರಿದರೂ ಮದ್ದು ಒಂದೇ: ಬೆಳ್ಳುಳ್ಳಿ, ವಿನಿಗರ್, ಒಣಮೆಣಸಿನಕಾಯಿ ಸುರಿದ ಬೋಟಿ ಸಾರು. ವಾರವಿಡೀ ದಿನಕ್ಕೆ ಮೂರು ಬಟ್ಟಲು ಕುಡಿದೆ. ತಾವು ಕದಲಲಿಲ್ಲ, ನಾನೇ ಮನೆ ಸುತ್ತ ಓಡಿದೆ. ಗಂಟಲಿಗೆ ಕೊಳವೆ ಇಳಿಸಿ ನೋಡಿದ ಡಾಕ್ಟರಮ್ಮ ದೆನಿತ್ಸಾ, "ಏನ್ ಗೆಂಚೊ ಮಾಮ, ಗಾಯಕ್ಕೇ ಒಗ್ಗರಣೆ ಹಾಕಿದೀರಲ್ಲ!" ಎಂದು ಆಸ್ಪತ್ರೆಯಲ್ಲೇ ಮಲಗಿಸಿಕೊಂಡರು.

ಇಷ್ಟನ್ನೂ ಸಹಿಸುತ್ತಿದ್ದೆ. ಆದರೆ ಭಾನುವಾರ ನೆರೆಮನೆಯ ರಾಲಿತ್ಸಾಳ ಮದುವೆ. ನಾನು ಅವಳ ಕುಮ್, ಅಂದರೆ ಮದುವೆಗೆ ಹೊಣೆ ನಿಲ್ಲುವ ಹಿರಿಯ. ಅವಳಪ್ಪನ ಮದುವೆಗೆ ನಮ್ಮಪ್ಪ ನಿಂತಿದ್ದ. ಸಿಂಗರಿಸಿದ ಹುರಿದ ಕೋಳಿಯನ್ನು ಕುಣಿಸುತ್ತಾ ತಂದು ಕುಮ್‌ನ ಮುಂದಿಡುತ್ತಾರೆ. ಅವನು ಮೊದಲ ತುತ್ತು ನುಂಗದೆ ಯಾರೂ ಊಟ ಮುಟ್ಟುವಂತಿಲ್ಲ. ಇನ್ನೂರು ಜನ ನನ್ನ ಗಂಟಲನ್ನೇ ನೋಡುತ್ತಾ ಕೂರುತ್ತಾರೆ!

ಕಾವಲುಗಾರರನ್ನು ಎಬ್ಬಿಸಿದರೆ ತಮ್ಮನ್ನು ಒದ್ದೋಡಿಸುತ್ತಾರೆಂದು ಬಗೆದು, ಕಿಡ್ನಿಯ ಮಾತ್ರೆಗಳನ್ನು ಆಸ್ಪತ್ರೆಯ ಕಿಟಕಿಯಾಚೆ ಎಸೆಯಲು ಕೈ ಎತ್ತಿದೆ. ಅಕ್ಕ ಕೈ ಹಿಡಿದಳು.

"ಲೋ ಕತ್ತೆ, ಒಂದು ಕೋಳಿಗೋಸ್ಕರ ನನ್ನ ಕಿಡ್ನಿ ಸಾಯಿಸ್ತೀಯೇನೋ? ಅದನ್ನ ಕೊಟ್ಟಿದ್ದು ನೀನು ಬದುಕಿರ್ಲಿ ಅಂತ ಕಣೋ, ಮೆರೀಲಿ ಅಂತ ಅಲ್ಲ!"

ಮಾತ್ರೆ ನುಂಗಿದೆ. ಕಣ್ಣಲ್ಲಿ ನೀರು ಬಂತು. ನೋವಿಗೇ ಹೊರತು ಬೇರೇನಕ್ಕೂ ಅಲ್ಲ.

ಆದಕಾರಣ ತಾವು ದೊಡ್ಡ ಮನಸ್ಸು ಮಾಡಿ ಭಾನುವಾರ ಹನ್ನೊಂದರಿಂದ ನಾಲ್ಕರವರೆಗೆ ಕಪ್ಪು ಸಮುದ್ರದ ಸ್ನಾನಕ್ಕೆ ಸಕುಟುಂಬ ಹೋಗಿಬರಬೇಕಾಗಿ ಪ್ರಾರ್ಥನೆ. ಆಗದಿದ್ದರೂ ಚಿಂತೆಯಿಲ್ಲ: ಅಕ್ಕ ಕೋಳಿಯನ್ನು ಬೇಯಿಸಿ, ಅರೆದು, ಆರಿಸಿ, ಮೊಸರಲ್ಲಿ ಕದಡಿ ಲೋಟದಲ್ಲಿ ಕೊಡುತ್ತಾಳಂತೆ. ವಧುವೂ ಒಪ್ಪಿದ್ದಾಳೆ. ಬಲ್ಗೇರಿಯಾದಲ್ಲಿ ಕೋಳಿಯನ್ನು ಕುಡಿದ ಮೊದಲ ಕುಮ್ ಎಂಬ ಕೀರ್ತಿ ನನ್ನದಾಗಲಿದೆ, ಕಾರಣಕರ್ತರು ತಾವೇ.

ಬೇರೆ ಗತಿಯಿಲ್ಲದೆ,
ತಮ್ಮ ವಿಶ್ವಾಸಿ,
ಗೆಂಚೊ

ವಿ.ಸೂ.: ಡಾಕ್ಟರಮ್ಮ ಇಂದಿನಿಂದ ತಮಗೆಂದೇ ನನ್ನ ರಕ್ತನಾಳದಲ್ಲಿ ಮದ್ದು ಇಳಿಸುತ್ತಿದ್ದಾರೆ. ಮದುವೆಗೆ ತಮಗೂ ಕರೆಯಿದೆ. ಅಷ್ಟು ಹೊತ್ತಿಗೆ ಎದ್ದು ಬರುವ ಸ್ಥಿತಿಯಲ್ಲಿದ್ದರೆ ಧಾರಾಳವಾಗಿ ಬನ್ನಿ.