ಸಿರುಗುಪ್ಪದ ಪೆಟ್ರೋಲಿನ ಹೆಚ್ಚುಗಾರಿಕೆ

ಪೆಟ್ರೋಲಿನ ಬೆಲೆ ಏರಿತೆಂದರೆ ಊರಿನವರೆಲ್ಲ ಮುಖ ಸಿಂಡರಿಸುತ್ತಾರೆ. ನಾನೂ ಸಿಂಡರಿಸುತ್ತಿದ್ದೆ, ಆದರೆ ಅದು ತೋರಿಕೆಗೆ. ಒಳಗೊಳಗೇ ನನಗೆ ಹಾಲು ಕುಡಿದಷ್ಟು ಸಂತೋಷ. ನಾಲ್ಕು ಜನರೆದುರು ಹೇಳಿಕೊಳ್ಳಲಾಗದ ಈ ಸಂತೋಷಕ್ಕೆ ಕಾರಣ, ನಮ್ಮ ಒಬ್ಬಳೇ ಮಗಳು ಸುಜಾತಳನ್ನು ಆದೋನಿಗೆ ಕೊಟ್ಟಿರುವುದು. ಆದೋನಿ ಆಂಧ್ರಕ್ಕೆ ಸೇರಿದ್ದು, ನಮ್ಮ ಸಿರುಗುಪ್ಪ ಕರ್ನಾಟಕಕ್ಕೆ. ಅಲ್ಲಿಗಿಂತ ಇಲ್ಲಿ ಪೆಟ್ರೋಲು ಲೀಟರಿಗೆ ಕೆಲವು ರೂಪಾಯಿ ಅಗ್ಗ; ಬೆಲೆ ಏರಿದಷ್ಟೂ ಆ ಕೆಲವು ರೂಪಾಯಿಗೆ ಹೆಚ್ಚು ಆಸೆ. ಹಾಗಾಗಿ ಸುಜಾತಳ ಮಾವ, ನಮ್ಮ ಬೀಗರಾದ ವೀರಣ್ಣನವರು, ಎರಡು ವಾರಕ್ಕೊಮ್ಮೆ ಭಾನುವಾರ ಕಾರಿನ ಟ್ಯಾಂಕು ತುಂಬಿಸಲು ಸಿರುಗುಪ್ಪಕ್ಕೆ ಬರುತ್ತಿದ್ದರು. ಹೇಗೂ ಸೀಟು ಖಾಲಿ ಇರುತ್ತದೆಂದು ಸೊಸೆಯನ್ನೂ ಕರೆತರುತ್ತಿದ್ದರು. ಅವಳು ಕಾರಿನಿಂದ ಇಳಿದವಳೇ ಅಡುಗೆಮನೆಗೆ ನುಗ್ಗಿ, ಹಂಚಿನ ಮೇಲಿನ ರೊಟ್ಟಿಯನ್ನು ನಿಂತಲ್ಲೇ ಮುರಿದು ತಿನ್ನುತ್ತಾಳೆ. ಅದನ್ನು ನೋಡಲು ನಾನು ಹದಿನಾಲ್ಕು ದಿನ ಕಾಯುತ್ತೇನೆ.

ಬೀಗರೆದುರು ನನ್ನ ಜಂಬವನ್ನು ನೀವು ನೋಡಬೇಕು. ಬಂಕಿನಲ್ಲಿ ಅವರ ಪಕ್ಕದಲ್ಲೇ ನಿಂತು, ಮೀಟರಿನ ಕಡೆ ಬೆರಳು ತೋರಿಸಿ, “ಸೊನ್ನಿ ನೋಡ್ರಿ ಬಾವಾ,” ಎನ್ನುತ್ತಿದ್ದೆ. ಆ ಪೆಟ್ರೋಲು ನಮ್ಮ ಹಿತ್ತಿಲ ಬಾವಿಯಿಂದಲೇ ಸೇದಿ ತಂದದ್ದೇನೋ ಎಂಬ ಗತ್ತು ನನ್ನದು. “ಏನ್ ಪೆಟ್ರೋಲ್ರಿ ಬಾವಾ ನಿಮ್ದು! ಗಾಡಿ ತಾನಾ ಓಡತೈತಿ,” ಎಂದು ವೀರಣ್ಣನವರು ಹೊಗಳಿದರೆ ಎರಡು ದಿನ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಅದೇ ಹೆಮ್ಮೆಯ ಪೆಟ್ರೋಲನ್ನು ಕೊಳ್ಳುವ ಶಕ್ತಿ ನನಗಿರಲಿಲ್ಲ ಎಂಬುದು ಬೇರೆ ಮಾತು. ನಾನು ಕುರುಗೋಡಿನ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರು. ದಿನಾ ಸ್ಕೂಟರಿನಲ್ಲಿ ಹೋಗಿಬರುವುದು ಜೇಬಿಗೆ ಭಾರವಾದಾಗ ಬೇರೆ ದಾರಿಗಳನ್ನೆಲ್ಲ ತೂಗಿ ನೋಡಿದೆ. ಬಳ್ಳಾರಿಗೆ ಹೋಗಿ ಕರೆಂಟಿನ ಸ್ಕೂಟರ್ ವಿಚಾರಿಸಿದೆ. ಒಂದು ಚಾರ್ಜಿಗೆ ಇಷ್ಟು ದೂರ ಎಂದ ಅಂಗಡಿಯವನು ನನ್ನ ಹೊಟ್ಟೆಯ ಮೇಲೊಮ್ಮೆ ಕಣ್ಣಾಡಿಸಿ, ದೂರವನ್ನು ತಾನೇ ಸ್ವಲ್ಪ ಇಳಿಸಿದ. ಸಹೋದ್ಯೋಗಿ ರಾಜಾಸಾಬರು ತಮ್ಮ ಬೈಕಿನ ಹಿಂದೆ ಕೂರಿಸಿಕೊಂಡರು. ಅವರ ವೇಗಕ್ಕೆ ಮೊದಲನೇ ದಿನವೇ ನಾನು ಮರೆತಿದ್ದ ದೇವರುಗಳೆಲ್ಲ ನೆನಪಾದರು. ಡ್ರಿಲ್ ಮಾಸ್ತರು ಸೈಕಲ್ ತುಳಿಯಿರಿ ಎಂದರು. ನಮ್ಮ ಬಿಸಿಲಿನಲ್ಲಿ ಸೈಕಲ್ ತುಳಿದು ಕುರುಗೋಡು ಮುಟ್ಟುವಷ್ಟರಲ್ಲಿ ಮಕ್ಕಳ ಪರೀಕ್ಷೆಯೇ ಮುಗಿದಿರುತ್ತದೆ. ಕೊನೆಗೆ ಬಸ್ಸೇ ಗತಿಯಾಯಿತು. ಹೆಂಡತಿ ಶಾಂತಾ ಜೊತೆಗಿದ್ದರೆ ಅವಳಿಗೆ ಪುಕ್ಕಟೆ, ನನಗೆ ಟಿಕೆಟ್ಟು. “ನಿಮ್ದೊಂದ ಏನ್ರಿ ಸರ್?” ಎಂದು ಕಂಡಕ್ಟರ್ ಕೇಳುವಾಗ ಅವಳು ಕಿಟಕಿಯ ಕಡೆ ತಿರುಗಿ ನಗುತ್ತಾಳೆ.

ಹೀಗಿರುವಾಗ ವೀರಣ್ಣನವರ ಫೋನು ಬಂತು. “ಬಾವಾ, ರೇಟು ಭಾಳ ಆತು. ಕರೆಂಟಿನ ಕಾರ್ ತಗೋಬೇಕಂತ ಅದೀನಿ. ನೀವು ಲೆಕ್ಕದ ಮಾಸ್ತರು, ತೂಗಿ ಹೇಳ್ರಿ.” ಪೆಟ್ರೋಲು ಬೇಡವಾದರೆ ಸಿರುಗುಪ್ಪ ಯಾಕೆ? ಸಿರುಗುಪ್ಪ ಬೇಡವಾದರೆ ಸುಜಾತ ಬರುವುದೆಲ್ಲಿ? ನಾನು ತೂಗಿದೆ, ತಕ್ಕಡಿಯ ಮೇಲೆ ಹೆಬ್ಬೆರಳಿಟ್ಟು ತೂಗಿದೆ. ನಮ್ಮ ಬಿಸಿಲಿಗೆ ಬ್ಯಾಟರಿ ಬೇಯುತ್ತದೆ ಎಂದೆ. ಕಾಲುವೆ ನೀರು ರಸ್ತೆಗೆ ಬಂದರೆ ಶಾಕ್ ಹೊಡೆಯುತ್ತದೆ ಎಂದೆ. ಸದ್ದಿಲ್ಲದ ಗಾಡಿಗೆ ಎಮ್ಮೆಗಳು ದಾರಿ ಬಿಡುವುದಿಲ್ಲ ಎಂದೂ ಸೇರಿಸಿದೆ. ಫೋನಿಟ್ಟ ಮೇಲೆ ಶಾಂತಾ, “ಮಾಸ್ತರಿಕಿ ಮಾಡೋರು ಹಿಂಗ ಸುಳ್ಳ ಹೇಳ್ತಾರೇನ್ರಿ?” ಎಂದಳು. ಮಗಳಿಗಾಗಿ ಹೇಳಿದ್ದಕ್ಕೆ ನನಗೆ ಎಳ್ಳಷ್ಟೂ ನಾಚಿಕೆಯಾಗಲಿಲ್ಲ.

ಮುಂದಿನ ಭಾನುವಾರ ವೀರಣ್ಣನವರು ಬಂದವರೇ ಕಾಗದ, ಪೆನ್ಸಿಲು ನನ್ನ ಮುಂದಿಟ್ಟರು. “ಇಲ್ಲಿಗೆ ಬಂದು ಟ್ಯಾಂಕ್ ತುಂಬಿಸಿದ್ರ ನನಗೆಷ್ಟು ಉಳಿತೈತಿ, ಬರೀರಿ.” ನಾನು ಉತ್ಸಾಹದಿಂದ ಬರೆದೆ. ಲೀಟರಿಗೆ ಇಷ್ಟು ಅಗ್ಗ, ಟ್ಯಾಂಕಿಗೆ ಇಷ್ಟು ಲೀಟರು. ಆದೋನಿಯಿಂದ ಬರುವ ದೂರ, ಹೋಗುವ ದೂರ, ಅದಕ್ಕೆ ಉರಿಯುವ ಪೆಟ್ರೋಲು ಎಂದು ಬರೆಯುವ ಹೊತ್ತಿಗೆ ಪೆನ್ಸಿಲು ನಿಂತಿತು. ಉಳಿಯುವುದಕ್ಕಿಂತ ಉರಿಯುವುದೇ ಎರಡು ಪಟ್ಟು. ಎಂಟನೇ ಇಯತ್ತೆಯ ಮಕ್ಕಳಿಗೆ ವರ್ಷವರ್ಷವೂ ಇದೇ ಲೆಕ್ಕ ಹೇಳಿಕೊಟ್ಟು, ತಪ್ಪಿದವರ ಕಿವಿ ಹಿಂಡಿದವನು ನಾನು.

“ನನಗ ಮೊದಲ್ನೇ ದಿನಾನೇ ಗೊತ್ತಿತ್ತು ಬಾವಾ,” ಎಂದು ವೀರಣ್ಣನವರು ನಕ್ಕರು. ನಾನು ಶಾಂತಾಳ ಮುಖ ನೋಡಿದೆ. ಅವಳು ಸೆರಗು ಸರಿಮಾಡಿಕೊಳ್ಳುತ್ತಾ, “ನನಗೂ,” ಎಂದಳು. ಬೀಗರು ದನಿ ತಗ್ಗಿಸಿದರು. “ನಮ್ಮವ್ವನ ಸ್ವಭಾವ ನಿಮಗ ಗೊತ್ತೈತಲ್ಲ. ಸೊಸಿ ತವರಿಗೆ ಹಬ್ಬಕ್ಕ ಹೋಗಬೇಕು, ಸುಮ್ ಸುಮ್ನ ಅಲ್ಲ ಅಂತಾಳ. ಹುಡುಗಿ ನೋಡಿದ್ರ ಭಾನುವಾರ ಬಂದ್ರ ಸಪ್ಪಗಾಗ್ತಾಳ. ಒಂದು ಕಾರಣ ಬೇಕಿತ್ತು, ಪೆಟ್ರೋಲ್ ಅಂದೆ. ಈಗ ಕರೆಂಟಿನ ಗಾಡಿ ತಗೊಂಡ್ರ ಅವ್ವಗ ಏನ್ ಹೇಳ್ಲಿ? ಅದನ್ನ ತೂಗಿ ಹೇಳ್ರಿ ಅಂದ್ರ ನೀವು ಎಮ್ಮಿ ಕಥಿ ಹೇಳಿದ್ರಿ.”

ಇಂಥ ಮನೆಗೆ ಮಗಳನ್ನು ಕೊಟ್ಟೆನಲ್ಲ ಎಂಬ ಹೆಮ್ಮೆಯಿಂದ, ಮೊದಲ ಬಾರಿಗೆ ಪ್ರಾಮಾಣಿಕವಾಗಿ ಯೋಚಿಸಿದೆ. ನಮ್ಮ ರಾಜ್ಯದಲ್ಲಿ ಮನೆಗಳಿಗೆ ಒಂದಷ್ಟು ಯೂನಿಟ್ಟು ಕರೆಂಟು ಪುಕ್ಕಟೆ. “ಚಾರ್ಜಿಗೆ ಸಿರುಗುಪ್ಪಕ್ಕ ಹೋಗ್ತೀನಿ ಅನ್ರಿ,” ಎಂದೆ.

ಕಾರು ಬಂತು. ಮೊದಲ ಭಾನುವಾರ ನಮ್ಮ ಕಿಟಕಿಯಿಂದ ವೈರು ಎಳೆದು ಅದನ್ನು ಚಾರ್ಜಿಗೆ ಹಾಕಿ, ಬೀಗರೂ ನಾನೂ ಕಟ್ಟೆಯ ಮೇಲೆ ಕೂತೆವು. ಒಳಗೆ ತಾಯಿ ಮಗಳ ಮಾತು ಮುಗಿಯುವಂತೆಯೇ ಇರಲಿಲ್ಲ. ಸಂಜೆಯಾಗುತ್ತಿದ್ದಂತೆ ಆದೋನಿಯಿಂದ ವೀರಣ್ಣನವರ ತಾಯಿಯೇ ನನಗೆ ಫೋನು ಮಾಡಿದರು. “ಮಾಸ್ತರ, ಗಾಡಿ ವೈರು ಅರ್ಧಕ್ಕ ಬಿಚ್ಚಿ ಕಳಿಸಬ್ಯಾಡ. ತುಂಬಿದ ಮ್ಯಾಲೇ ಬರ್ಲಿ. ಇವತ್ತು ತುಂಬಲಿಲ್ಲ ಅಂದ್ರ ಹುಡುಗಿ ನಾಳಿ ಬರ್ಲಿ. ಪೆಟ್ರೋಲಿನ ನೆಪದಾಗ ಪಾಪ, ಒಂದು ದಿನಾನೂ ಉಳಿಯಾಕ ಆಗ್ತಿರಲಿಲ್ಲ ಆ ಹುಡುಗಿಗೆ.”

ಸಿರುಗುಪ್ಪದ ಪೆಟ್ರೋಲನ್ನು ಮನಸಾರೆ ನಂಬಿದವನು ಎರಡೂ ರಾಜ್ಯಗಳಲ್ಲಿ ನಾನೊಬ್ಬನೇ ಎಂಬುದು ಖಾತ್ರಿಯಾಯಿತು. ಅಷ್ಟರಲ್ಲಿ ಓಣಿಯ ದೀಪಗಳೆಲ್ಲ ಒಮ್ಮೆಲೇ ಆರಿ, ಕಾರಿನ ಚಾರ್ಜು ಅರ್ಧಕ್ಕೇ ನಿಂತಿತು. ನಮ್ಮೂರಿನ ಕರೆಂಟಿನ ಬಗ್ಗೆ ನನಗೆ ಅಷ್ಟು ಹೆಮ್ಮೆ ಹಿಂದೆಂದೂ ಆಗಿರಲಿಲ್ಲ.