ಅಳಿಯ ಕಟ್ಟಿಕೊಟ್ಟ ಹಲ್ಲು

ಆ ದಿನದ ಗಲಾಟೆಗೆಲ್ಲ ಕಾರಣ ಇನ್ನೂ ಹೊರಗೆ ಬಂದಿರದ ಒಂದು ಹಲ್ಲು. ವಸಡಿನೊಳಗೇ ಕುಳಿತು ಬೆಳಗಿನಿಂದ ಮಗುವನ್ನು ಅಳಿಸುತ್ತಿತ್ತು. ತಮಾಷೆಯೆಂದರೆ ಮಗುವಿನ ಅಪ್ಪನ ಕಸುಬೇ ಹಲ್ಲು ಕಟ್ಟುವುದು. ಬೀದಿಯವರು ಅವನನ್ನು ಕರೆಯುತ್ತಿದ್ದುದೇ ‘ಹಲ್ಲುಸೆಟ್ಟು’ ಎಂದು. ಎಷ್ಟೋ ಬೊಚ್ಚುಬಾಯಿಗಳಿಗೆ ನಗು ಕೊಟ್ಟವನು ತನ್ನ ಮನೆಯ ಒಂದು ಹಲ್ಲಿನ ಮುಂದೆ ಸೋತು ಸುಣ್ಣವಾಗಿದ್ದ.

ಹೆಂಡತಿ ಇದ್ದಿದ್ದರೆ ಮಾತೇ ಬೇರೆ. ಜ್ವರವೆಂದು ಮಲಗಿದವಳು ಮತ್ತೆ ಏಳಲಿಲ್ಲ. ಮಗುವಿಗೆ ಆಗಿನ್ನೂ ಮಗ್ಗುಲಾಗಲೂ ಬರುತ್ತಿರಲಿಲ್ಲ.

ಕೆಳಮನೆಯ ಟೈಲರಮ್ಮ ಕೊರಳಲ್ಲಿ ಟೇಪು ಹಾಕಿಕೊಂಡೇ ಹತ್ತಿ ಬಂದರು. “ನಿಮ್ಮತ್ತೆಗೆ ಫೋನ್ ಮಾಡಿ ಮಗು ಅಳೋದನ್ನ ಕೇಳಿಸ್ದೆ ಕಣಪ್ಪ. ಸಂಜೆ ಬರ್ತಾರಂತೆ.”

ಅವನು ಮಗುವನ್ನು ಎದೆಗೆ ಅವುಚಿಕೊಂಡ. ಮಗುವನ್ನು ಕರೆದೊಯ್ಯಲೆಂದೇ ಬರುತ್ತಿದ್ದಾರೆ! ಹೆಂಡತಿ ಬಿಟ್ಟುಹೋದದ್ದರಲ್ಲಿ ಅವನಿಗೆ ಉಳಿದಿದ್ದು ಇದೊಂದೇ ಜೀವ. ಹೇಗಾದರೂ ಸಂಜೆಯೊಳಗೆ ಅಳು ನಿಲ್ಲಬೇಕು.

“ಅಂಗಿ ತೋಳು ಬಿಗಿ. ಅದಕ್ಕೇ ಅಳ್ತಿದೆ” ಎಂದು ಟೈಲರಮ್ಮ ಅಳತೆ ತೆಗೆಯಲು ಹೊರಟರು.

“ಅಂಗಿಯಲ್ಲಮ್ಮ, ಹಲ್ಲು ಬರ್ತಿದೆ.”

“ನಿನಗೆ ಎಲ್ಲಿ ನೋಡಿದ್ರೂ ಹಲ್ಲೇ!”

ಅಷ್ಟರಲ್ಲಿ ಮೇಲ್ಮನೆಯ ನಿವೃತ್ತ ಬಸ್ ಡ್ರೈವರು ಇಳಿದು ಬಂದರು. “ಮಗೂಗೆ ಗಾಳಿ ಬೇಕು ಕಣಯ್ಯ. ಇಲ್ಲಿ ಕೊಡು” ಎಂದು ಎತ್ತಿಕೊಂಡು, ಬಾಯಲ್ಲೇ ಹಾರ್ನ್ ಹೊಡೆಯುತ್ತ ಮಹಡಿಯನ್ನು ಸುತ್ತಿಸಿದರು. ಅಳು ದುಪ್ಪಟ್ಟಾಯಿತು. ಮಗು ಕಚ್ಚಲೆಂದು ಅಪ್ಪ ಫ್ರಿಜ್ಜಿನಲ್ಲಿ ತಣ್ಣಗಾಗಿಸಿದ್ದ ಒದ್ದೆ ಬಟ್ಟೆಯನ್ನು ಡ್ರೈವರು ತೆಗೆದು ಮುಖ ಒರೆಸಿಕೊಂಡು, “ಆಹಾ!” ಎಂದರು. ಟೈಲರಮ್ಮನಿಗೂ ಅವರಿಗೂ ಜಗಳ ಹತ್ತಿತು. ಜಗಳದ ಸದ್ದಿಗೆ ಮಗು ಇನ್ನಷ್ಟು ಕಿರುಚಿತು.

ಇಬ್ಬರಿಗೂ ಕೈಮುಗಿದು ಆಚೆ ಕಳಿಸಿ ಬಾಗಿಲು ಹಾಕಿಕೊಂಡ. ಕೈ ತೊಳೆದು, ಮಗುವಿನ ವಸಡಿನ ಮೇಲೆ ಮೆಲ್ಲಗೆ ಬೆರಳಾಡಿಸಿದ. ಹೊಸ ಸೆಟ್ಟು ಕೊಡುವ ಮುಂಚೆ ಎಲ್ಲಾದರೂ ಚುಚ್ಚುತ್ತದೆಯೇ ಎಂದು ಅವನು ನೋಡುತ್ತಿದ್ದುದೂ ಹೀಗೆಯೇ. ಮಗು ಗಬಕ್ಕನೆ ಬೆರಳು ಕಚ್ಚಿತು, ಸುಮ್ಮನಾಯಿತು. ಬೆರಳಿಗೆ ಏನೋ ಚುರುಕ್ಕೆಂದಿತು.

“ನೋಡೇ, ಬಂತು ಹಲ್ಲು!” ಎಂದು ಅಡುಗೆಮನೆಯ ಕಡೆ ತಿರುಗಿದ. ಅಲ್ಲಿ ಯಾರೂ ಇರಲಿಲ್ಲ. ಮಗು ಅಳು ನಿಲ್ಲಿಸಿದ ಹೊತ್ತಿಗೆ ಅವನಿಗೆ ಶುರುವಾಯಿತು.

ಅತ್ತೆ ಬಂದಾಗ ಮಗು ಅವನ ಹೆಗಲ ಮೇಲೆ ನಿದ್ದೆಹೋಗಿತ್ತು. ಅವರು ತುಟಿ ಬಿಗಿದುಕೊಂಡು ಕುಳಿತರು. ಕೋಪವೇ ಇರಬೇಕೆಂದು ಅವನು ತಾನೇ ಮಾತು ಶುರುಮಾಡಿದ.

“ಬೆಳಿಗ್ಗೆ ಸ್ವಲ್ಪ ಅತ್ತಿದ್ದು ನಿಜ ಅತ್ತೆ. ಈಗ ನೋಡಿ, ಹೇಗೆ ಮಲಗಿದಾಳೆ. ನಮಗೆ ಯಾರ ಸಹಾಯಾನೂ ಬೇಡ. ನಾವಿಬ್ರೂ ಹಾಯಾಗಿದೀವಿ.”

ಅತ್ತೆ ಏನೋ ಹೇಳಹೊರಟು ಕೆನ್ನೆ ಹಿಡಿದುಕೊಂಡರು. ಮಗುವಿನ ಪಾದ ಸವರಿದರು. “ಸರಿ” ಎಂದಷ್ಟೇ ಹೇಳಿ, ಸೆರಗಿನಿಂದ ಕಣ್ಣೊರೆಸಿಕೊಂಡು ಇಳಿದುಹೋದರು. ಗೆದ್ದೆ ಎಂದುಕೊಂಡ.

ಸ್ವಲ್ಪ ಹೊತ್ತಿಗೆಲ್ಲ ಟೈಲರಮ್ಮ ಏದುಸಿರು ಬಿಡುತ್ತ ಬಂದರು. “ಯಾಕಪ್ಪ ಕಳಿಸಿಬಿಟ್ಟೆ? ಇಲ್ಲೇ ಇದ್ದು ಮಗೂನ ನೋಡ್ಕೊಳ್ತೀನಿ ಅಂತ ಬಂದಿದ್ರು! ಪೆಟ್ಟಿಗೆ, ಹಾಸಿಗೆ ಎಲ್ಲ ನಮ್ಮನೇಲಿಟ್ಟು ಮೇಲೆ ಹತ್ತಿದ್ರು. ಈಗ ಎಲ್ಲ ಎತ್ಕೊಂಡು ಆಟೋ ಹತ್ತಿದ್ರು.”

“ಮತ್ತೆ ಬಾಯಿಬಿಟ್ಟು ಹೇಳ್ಬಾರ್ದಾ?”

“ಬಾಯಿ ಎಲ್ಲಿ ಬಿಡ್ತಾರೆ? ನೀನು ಮದುವೆ ಗಡಿಬಿಡಿಯಲ್ಲಿ ಅವರಿಗೆ ಕಟ್ಟಿಕೊಟ್ಟ ಸೆಟ್ಟು ಅವತ್ತಿಂದ ವಸಡು ಕೊರೀತಿದೆಯಂತೆ. ತೆಗೆದಿಟ್ಟು ಬಂದ್ರೆ ಅಳಿಯ ನೊಂದ್ಕೋತಾನೆ ಅಂತ ಹಾಕ್ಕೊಂಡೇ ಬರೋದು. ಈಗ ಕೆಳಗೆ ಬಂದು, ಸೆಟ್ಟು ತೆಗೆದು ಕೈಲಿ ಹಿಡ್ಕೊಂಡು, ನನ್ನ ಹತ್ರ ಹೇಳ್ಕೊಂಡು ಅತ್ರು.”

ಅವನು ಕಿಟಕಿಗೆ ಓಡಿದ. ಆಟೋ ಆಗಲೇ ತಿರುವು ದಾಟಿತ್ತು. ಫೋನ್ ಮಾಡಿದ, ರಿಂಗಾಗುತ್ತಲೇ ಇತ್ತು, ಯಾರೂ ಎತ್ತಲಿಲ್ಲ. ಆ ಸದ್ದಿಗೆ ಮಗು ಎಚ್ಚರಗೊಂಡು, ಬೆಳಗಿನಿಂದ ಅತ್ತೇ ಇಲ್ಲವೇನೋ ಎಂಬಂತೆ ಹೊಸದಾಗಿ ಶುರುಮಾಡಿತು. ಮೇಲಿಂದ ಹಾರ್ನ್ ಕೇಳಿಸಿತು. ಡ್ರೈವರು ಇಳಿದು ಬರುತ್ತಿದ್ದರು.